ಇಳಿಸಿದ ಬಾವುಟ, ಉಳಿದ ಟೋಪಿ

ದೇಶವೊಂದನ್ನು ಗೆದ್ದ ಸೈನ್ಯ ಖಜಾನೆಗೆ ಬೀಗ ಹಾಕುವುದಕ್ಕೂ ಮೊದಲು ಮಾಡುವ ಕೆಲಸವೆಂದರೆ ತನ್ನ ಬಾವುಟವನ್ನು ಊರಿನ ಅತಿ ಎತ್ತರದ ಜಾಗದಲ್ಲಿ ಏರಿಸುವುದು. 1941ರ ಏಪ್ರಿಲ್ 27ರಂದು ಜರ್ಮನ್ ಸೈನ್ಯ ಅಥೆನ್ಸ್ ನಗರವನ್ನು ಪ್ರವೇಶಿಸಿತು. ಅಂದೇ ಅಕ್ರೊಪೊಲಿಸ್ ಬೆಟ್ಟದ ಮೇಲೆ ಸ್ವಸ್ತಿಕ ಚಿಹ್ನೆಯ ನಾಜಿ ಬಾವುಟ ಹಾರಾಡಿತು. ಎರಡೂವರೆ ಸಾವಿರ ವರ್ಷಗಳಷ್ಟು ಹಳೆಯದಾದ ಪಾರ್ಥೆನಾನ್ ದೇಗುಲದ ಪಕ್ಕದಲ್ಲಿ, ನಗರದ ಯಾವ ಬೀದಿಯಲ್ಲಿ ನಿಂತು ತಲೆ ಎತ್ತಿದರೂ ಕಾಣುವಂತೆ ಅದು ನಿಂತಿತ್ತು. ಸೋತಿದ್ದೇವೆ ಎಂಬುದನ್ನು ಅಥೆನ್ಸಿನ ಜನ ಪತ್ರಿಕೆಯಲ್ಲಿ ಓದಿ ತಿಳಿಯಬೇಕಾಗಿರಲಿಲ್ಲ.

ಒಂದು ತಿಂಗಳು ಕಳೆಯಿತು. ಮೇ 30ರ ರಾತ್ರಿ ಇಬ್ಬರು ಯುವಕರು ಆ ಬಾವುಟವನ್ನು ಇಳಿಸಿದರು. ಒಬ್ಬನ ಹೆಸರು ಮನೋಲಿಸ್ ಗ್ಲೆಝೋಸ್, ವಯಸ್ಸು 18. ಇನ್ನೊಬ್ಬ ಅಪೊಸ್ತೊಲೋಸ್ ಸಾಂತಾಸ್, ವಯಸ್ಸು 19. ಅವರ ಹಿಂದೆ ಪಕ್ಷವಾಗಲೀ ಸಂಘಟನೆಯಾಗಲೀ ಇರಲಿಲ್ಲ. ಗ್ರೀಸಿನ ಪ್ರತಿರೋಧ ಚಳವಳಿ ಇನ್ನೂ ರೂಪುಗೊಂಡೇ ಇರಲಿಲ್ಲ. ಕ್ರೀಟ್ ದ್ವೀಪವೂ ಜರ್ಮನರ ಕೈವಶವಾಗುತ್ತಿದ್ದ ದಿನಗಳವು. ಕಾವಲುಗಾರರಿದ್ದ ಮುಖ್ಯದ್ವಾರವನ್ನು ಬಿಟ್ಟು, ಬೆಟ್ಟದ ಬಂಡೆಯಲ್ಲಿದ್ದ ಪುರಾತನ ಬಿರುಕೊಂದರ ಮೂಲಕ ಅವರು ಮೇಲೇರಿದರು. ಅಂಥ ದಾರಿಯೊಂದಿದೆ ಎಂಬುದನ್ನು ಅವರು ಕಂಡುಕೊಂಡದ್ದು ಗ್ರಂಥಾಲಯದಲ್ಲಿ ಕುಳಿತು ಅಕ್ರೊಪೊಲಿಸ್ ಕುರಿತು ಓದಿ. ಕೈಯಲ್ಲಿದ್ದದ್ದು ಒಂದು ಪುಟ್ಟ ದೀಪ, ಒಂದು ಚಾಕು. ಬಾವುಟವನ್ನು ಕಂಬಕ್ಕೆ ಬಿಗಿದಿದ್ದ ತಂತಿಗಳು ಸುಲಭಕ್ಕೆ ಬಗ್ಗಲಿಲ್ಲ. ಬಹಳ ಹೊತ್ತು ಹೆಣಗಿದ ಮೇಲೆ ಆ ದೊಡ್ಡ ಬಟ್ಟೆ ಕೆಳಗೆ ಬಿತ್ತು. ಇಬ್ಬರೂ ಒಂದೊಂದು ತುಂಡನ್ನು ಕತ್ತರಿಸಿಕೊಂಡು, ಉಳಿದದ್ದನ್ನು ಸುರುಳಿ ಸುತ್ತಿ ಬಂಡೆಯ ಬಿರುಕಿನ ಕತ್ತಲೆಗೆ ಎಸೆದು, ಬಂದ ದಾರಿಯಲ್ಲೇ ಇಳಿದುಹೋದರು.

ಸೈನಿಕ ದೃಷ್ಟಿಯಿಂದ ನೋಡಿದರೆ ಇದರಿಂದ ಆದ ನಷ್ಟ ಒಂದು ಬಟ್ಟೆ ಮಾತ್ರ. ಜರ್ಮನರು ಇನ್ನೊಂದು ಬಾವುಟವನ್ನು ತಂದು ಏರಿಸಿದರು. ಆದರೆ ಈ ಕೆಲಸ ಮಾಡಿದವರಿಗೆ ಮರಣದಂಡನೆ ಎಂದು ಅವರ ಸೇನಾಡಳಿತ ಪತ್ರಿಕೆಗಳಲ್ಲಿ ಪ್ರಕಟಣೆ ಹೊರಡಿಸಿತು. ಅಲ್ಲಿಯವರೆಗೆ ಬೆಟ್ಟದ ಬುಡದಲ್ಲಿದ್ದ ಕೆಲವರಿಗೆ ಮಾತ್ರ ಗೊತ್ತಿದ್ದ ಸುದ್ದಿ ಆ ಪ್ರಕಟಣೆಯಿಂದಾಗಿ ಇಡೀ ದೇಶಕ್ಕೆ ತಿಳಿಯಿತು.

ಶತ್ರುವೇ ಬರೆದ ಸಾಕ್ಷ್ಯ

ಸರ್ಕಾರಿ ಕಡತಗಳ ನಡುವೆ ಮೂರು ದಶಕಗಳಿಗೂ ಹೆಚ್ಚು ಕಾಲ ಕಳೆದ ನನ್ನಂಥವನಿಗೆ ಈ ಪ್ರಕಟಣೆಯ ವಿಷಯ ವಿಶೇಷವಾಗಿ ಕಾಣುತ್ತದೆ. ಗುಪ್ತ ಹೋರಾಟಕ್ಕೆ ಅದರ ಎದುರಾಳಿಯೇ ದಾಖಲೆಗಾರ. ಹೋರಾಟಗಾರ ಏನನ್ನೂ ಬರೆದಿಡುವುದಿಲ್ಲ. ಬರೆದಿಟ್ಟರೆ ತಾನೂ ಸಾಯುತ್ತಾನೆ, ಜೊತೆಯವರನ್ನೂ ಕೊಲ್ಲಿಸುತ್ತಾನೆ. ಬರೆಯುವವನು ಅವನನ್ನು ಹುಡುಕುತ್ತಿರುವ ಅಧಿಕಾರಿ. ಬಂಧನದ ವಾರಂಟು, ಜೈಲಿನ ದಾಖಲೆ ಪುಸ್ತಕ, ಶಿಕ್ಷೆಯ ಆದೇಶ, ಮುಟ್ಟುಗೋಲಿನ ಮಹಜರು ಇವೆಲ್ಲ ಅವನ ಕೈಬರಹದಲ್ಲಿಯೇ ಇರುತ್ತವೆ.

ನಮ್ಮ ದೇಶದ ಅನುಭವವೂ ಇದೇ. ಸ್ವಾತಂತ್ರ್ಯದ ಬೆಳ್ಳಿಹಬ್ಬದ ಸಂದರ್ಭದಲ್ಲಿ, 1972ರಲ್ಲಿ, ಕೇಂದ್ರ ಸರ್ಕಾರ ಸ್ವಾತಂತ್ರ್ಯ ಹೋರಾಟಗಾರರಿಗೆ ಪಿಂಚಣಿ ಯೋಜನೆಯನ್ನು ಆರಂಭಿಸಿತು. 1980ರಲ್ಲಿ ಅದಕ್ಕೆ ಸ್ವಾತಂತ್ರ್ಯ ಸೈನಿಕ ಸಮ್ಮಾನ ಎಂಬ ಹೆಸರು ಬಂತು. ಸಾಮಾನ್ಯವಾಗಿ ಆರು ತಿಂಗಳ ಸೆರೆವಾಸವನ್ನು ಜೈಲಿನ ದಾಖಲೆಯಿಂದ ತೋರಿಸಬೇಕಿತ್ತು. ಭೂಗತರಾಗಿದ್ದವರು ತಮ್ಮ ಮೇಲೆ ವಾರಂಟು ಇತ್ತೆಂದೋ, ತಲೆಮರೆಸಿಕೊಂಡವರೆಂದು ತಮ್ಮನ್ನು ಘೋಷಿಸಲಾಗಿತ್ತೆಂದೋ ರುಜುವಾತುಪಡಿಸಬೇಕಿತ್ತು. ತಾಲ್ಲೂಕು ಮಟ್ಟದಲ್ಲಿ ಕೆಲಸ ಮಾಡುತ್ತಿದ್ದಾಗ ಇಂಥ ಅರ್ಜಿಗಳನ್ನು ನಾನೂ ನೋಡಿದ್ದೇನೆ. ವಯಸ್ಸಾದ ರೈತರೊಬ್ಬರು ಒಮ್ಮೆ ನನ್ನ ಮೇಜಿನ ಮುಂದೆ ನಿಂತು ಕೇಳಿದ್ದರು: ‘ಸ್ವಾಮಿ, ಪೊಲೀಸರ ಕೈಗೆ ಸಿಗದ ಹಾಗೆ ಓಡಾಡಿದ್ದೇ ನನ್ನ ಹೋರಾಟ. ಸಿಕ್ಕಿಬಿದ್ದಿದ್ದರೆ ಇವತ್ತು ಸರ್ಟಿಫಿಕೇಟು ಇರುತ್ತಿತ್ತು ಅಲ್ಲವೆ?’ ನಿಯಮದಲ್ಲಿ ಅವರ ಪ್ರಶ್ನೆಗೆ ಉತ್ತರವಿರಲಿಲ್ಲ. ಆದರೆ ನಿಯಮವೇ ಇಲ್ಲದಿದ್ದರೆ ಯಾರು ಬೇಕಾದರೂ ಹೋರಾಟಗಾರರೆನಿಸಿಕೊಳ್ಳುವ ಅಪಾಯವಿತ್ತು. ಸುಳ್ಳು ಅರ್ಜಿಗಳಿಗೂ ಕೊರತೆ ಇರಲಿಲ್ಲ.

ದಾಖಲೆ ಇಲ್ಲದ ಶೌರ್ಯ ದಂತಕಥೆಯಾಗುವುದಕ್ಕೂ ಅಕ್ರೊಪೊಲಿಸ್ ಬೆಟ್ಟದಲ್ಲೇ ನಿದರ್ಶನವಿದೆ. ಜರ್ಮನರು ಬಂದ ದಿನ ಗ್ರೀಕ್ ಬಾವುಟದ ಕಾವಲಿಗಿದ್ದ ಸೈನಿಕನೊಬ್ಬ ಅದನ್ನು ಅವರಿಗೊಪ್ಪಿಸದೆ, ಮೈಗೆ ಸುತ್ತಿಕೊಂಡು ಬೆಟ್ಟದಿಂದ ಧುಮುಕಿದನೆಂದು ಅಲ್ಲಿನ ಜನ ಹೇಳುತ್ತಾರೆ. ಅವನಿಗೊಂದು ಹೆಸರೂ ಇದೆ, ನೆನಪಿನ ಫಲಕವೂ ಇದೆ. ಆದರೆ ಅವನ ಅಸ್ತಿತ್ವವನ್ನು ಸಾಬೀತುಪಡಿಸುವ ಸೇನಾ ದಾಖಲೆ ಮಾತ್ರ ಸಿಕ್ಕಿಲ್ಲ. ಗ್ಲೆಝೋಸ್ ಮತ್ತು ಸಾಂತಾಸ್ ಮಾಡಿದ ಕೆಲಸಕ್ಕೆ ಅಂಥ ಗೊಂದಲವಿಲ್ಲ. ನಡೆದದ್ದು ನಿಜವೆಂದು ಆಕ್ರಮಣಕಾರರೇ ಪ್ರಕಟಿಸಿದ್ದರು.

ತಾಯಿಗೆ ತಲುಪಿದ ಟೋಪಿ

ಗ್ಲೆಝೋಸ್ ಕುಟುಂಬ ನಕ್ಸೋಸ್ ದ್ವೀಪದ ಅಪಿರಾಂಥೋಸ್ ಎಂಬ ಬೆಟ್ಟದೂರಿನದು. ಬಾವುಟದ ಘಟನೆಯ ನಂತರ ಮನೋಲಿಸ್ ಪ್ರತಿರೋಧ ಚಳವಳಿಯನ್ನು ಸೇರಿದರು. 1942ರಿಂದ 1944ರ ನಡುವೆ ಜರ್ಮನರು, ಇಟಾಲಿಯನ್ನರು ಮತ್ತು ಅವರೊಂದಿಗೆ ಕೈಜೋಡಿಸಿದ್ದ ಗ್ರೀಕರು ಸರದಿಯ ಮೇಲೆ ಅವರನ್ನು ಬಂಧಿಸಿದರು. ಚಿತ್ರಹಿಂಸೆಯ ಜೊತೆಗೆ ಕ್ಷಯರೋಗವೂ ಅಂಟಿತು. ಆದರೂ ಅವರು ಬದುಕಿದರು. ತಮ್ಮ ನಿಕೋಸ್ ಬದುಕಲಿಲ್ಲ. 1944ರ ಮೇ 10ರಂದು, ತನ್ನ 19ನೆಯ ವಯಸ್ಸಿನಲ್ಲಿ, ಅಥೆನ್ಸ್ ಹೊರವಲಯದ ಕೈಸರಿಯಾನಿಯ ಗುಂಡು ಹಾರಿಸುವ ಮೈದಾನದಲ್ಲಿ ಅವನನ್ನು ಕೊಂದರು. ಅದಕ್ಕೆ ಒಂಬತ್ತು ದಿನಗಳ ಹಿಂದೆ, ಮೇ 1ರಂದು, ಅದೇ ಜಾಗದಲ್ಲಿ 200 ಕೈದಿಗಳನ್ನು ಗುಂಡಿಟ್ಟು ಕೊಲ್ಲಲಾಗಿತ್ತು.

ಕೊಲ್ಲುವ ಜಾಗಕ್ಕೆ ಒಯ್ಯುತ್ತಿದ್ದ ಲಾರಿಯಿಂದ ನಿಕೋಸ್ ತನ್ನ ಟೋಪಿಯನ್ನು ಹೊರಗೆಸೆದ. ಅದರ ಒಳಪದರದ ಬಟ್ಟೆಯ ಮೇಲೆ ತಾಯಿಗೆ ಕೆಲವೇ ಸಾಲುಗಳನ್ನು ಬರೆದಿದ್ದ. ತನ್ನನ್ನು ಕೊಲ್ಲಲು ಒಯ್ಯುತ್ತಿದ್ದಾರೆ, ತಾನು ಗ್ರೀಕ್ ಜನರಿಗಾಗಿ ಸಾಯುತ್ತಿದ್ದೇನೆ ಎಂಬ ವಿದಾಯ ಅದರಲ್ಲಿತ್ತು. ಕೆಳಗೆ ದಿನಾಂಕವಿತ್ತು. ಟೋಪಿ ತಾಯಿಯ ಕೈಸೇರಿತು.

ಗೆದ್ದು ತಂದ ಬಾವುಟವೊಂದು ಮನೆತನದಲ್ಲಿ ತಲೆಮಾರಿನಿಂದ ತಲೆಮಾರಿಗೆ ಸಾಗಿಬರುವ ಕಥೆಗಳನ್ನು ನಾವು ಓದಿದ್ದೇವೆ. ಯುರೋಪಿನ ಅನೇಕ ಮನೆಗಳ ಅಟ್ಟದ ಮೇಲೆ, ಹಳೆಯ ಟ್ರಂಕುಗಳಲ್ಲಿ ಅಂಥ ಬಾವುಟಗಳು ಈಗಲೂ ಇವೆ. ಆದರೆ ಈ ಯುದ್ಧದ ಅತಿ ಪ್ರಸಿದ್ಧ ಬಾವುಟವನ್ನು ಇಳಿಸಿದ ಮನೆಯಲ್ಲಿ ಪವಿತ್ರವೆಂದು ಉಳಿದದ್ದು ಮಗನ ಟೋಪಿಯ ಒಳಬಟ್ಟೆ. ಬಾವುಟದ ಬಹುಭಾಗವನ್ನು ಇಳಿಸಿದವರೇ ಬಂಡೆಯ ಬಿರುಕಿಗೆ ಎಸೆದಿದ್ದರು. ಅದು ಅವರಿಗೆ ಬೇಕಾಗಿರಲಿಲ್ಲ. ಕಂಬದ ಮೇಲೆ ಅದು ಇರಬಾರದು ಎಂಬುದಷ್ಟೇ ಅವರಿಗೆ ಬೇಕಾಗಿತ್ತು.

ರಾಷ್ಟ್ರಗಳು ಬಾವುಟವನ್ನು ಕೈವಶಮಾಡಿಕೊಳ್ಳುವ ರೀತಿ ಬೇರೆ. 1945ರ ಜೂನ್ 24ರಂದು ಮಾಸ್ಕೋದ ಕೆಂಪು ಚೌಕದಲ್ಲಿ ನಡೆದ ವಿಜಯದ ಪಥಸಂಚಲನದಲ್ಲಿ ಸೋವಿಯತ್ ಸೈನಿಕರು ವಶಪಡಿಸಿಕೊಂಡಿದ್ದ 200 ನಾಜಿ ಧ್ವಜಗಳನ್ನು ಲೆನಿನ್ ಸಮಾಧಿಯ ಬುಡದಲ್ಲಿ ಎಸೆದರು. ಅದು ಗೆದ್ದವರ ಸಂಭ್ರಮ. ಅಥೆನ್ಸಿನ ಇಬ್ಬರು ಯುವಕರಾದರೋ ಸೋತ ದೇಶದವರು. ಗೆಲುವು ಮೂರೂವರೆ ವರ್ಷ ದೂರವಿದೆ ಎಂಬುದು ಅವರಿಗೆ ತಿಳಿದಿರಲಿಲ್ಲ. ಗೆಲುವು ಬರುತ್ತದೆಯೋ ಇಲ್ಲವೋ ಎಂಬುದೂ ತಿಳಿದಿರಲಿಲ್ಲ.

ಹಸಿವು ಮತ್ತು ಹಣದ ಲೆಕ್ಕ

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದಾಗ ನಾನು ಗ್ರೀಸಿನ ಹೆಸರನ್ನು ಮೊದಲು ಓದಿದ್ದು ಹಣದುಬ್ಬರದ ಅಧ್ಯಾಯದಲ್ಲಿ. 1944ರ ನವೆಂಬರಿನಲ್ಲಿ ಅಲ್ಲಿ ಹೊಸ ನಾಣ್ಯಪದ್ಧತಿ ಜಾರಿಗೆ ಬಂದಾಗ ಒಂದು ಹೊಸ ಡ್ರಾಕ್ಮಾಕ್ಕೆ ಕೊಡಬೇಕಾಗಿದ್ದ ಹಳೆಯ ಡ್ರಾಕ್ಮಾಗಳ ಸಂಖ್ಯೆ 5,000 ಕೋಟಿ. ಆ ಅಂಕಿಯ ಹಿಂದೆ ಆಕ್ರಮಿತ ದೇಶವೊಂದರ ಅರ್ಥವ್ಯವಸ್ಥೆಯನ್ನು ಹೇಗೆ ಹಿಂಡಲಾಯಿತು ಎಂಬ ಕಥೆಯಿದೆ. ಆಕ್ರಮಣ ಸೈನ್ಯದ ಖರ್ಚನ್ನು ಗ್ರೀಸೇ ಭರಿಸಬೇಕಿತ್ತು. ಅದು ಸಾಲದೆಂದು 1942ರಿಂದ ಗ್ರೀಸಿನ ಕೇಂದ್ರ ಬ್ಯಾಂಕಿನಿಂದ ಬಡ್ಡಿಯಿಲ್ಲದ ‘ಸಾಲ’ವನ್ನು ಬಲವಂತವಾಗಿ ಎತ್ತಲಾಯಿತು. ನೋಟು ಅಚ್ಚುಹಾಕುವುದೊಂದೇ ಉಳಿದ ದಾರಿಯಾಯಿತು. ಆಹಾರಧಾನ್ಯವನ್ನು ಸೈನ್ಯ ಸೆಳೆದುಕೊಂಡಿತು. ಸಮುದ್ರದಲ್ಲಿ ಬ್ರಿಟಿಷ್ ನೌಕಾ ದಿಗ್ಬಂಧನವಿದ್ದುದರಿಂದ ಹೊರಗಿನ ಧಾನ್ಯವೂ ಬರಲಿಲ್ಲ. 1941-42ರ ಚಳಿಗಾಲದಲ್ಲಿ ಅಥೆನ್ಸ್ ಮತ್ತು ಪಿರೇಯಸ್ ಬಂದರಿನ ಬೀದಿಗಳಲ್ಲಿ ಹತ್ತಾರು ಸಾವಿರ ಜನ ಹಸಿವಿನಿಂದ ಸತ್ತರು.

ಈ ಬರಗಾಲಕ್ಕೆ ಭಾರತದೊಂದಿಗೂ ನಂಟಿದೆ. ಗ್ರೀಸಿಗೆ ಆಹಾರ ಕಳುಹಿಸಲು ದಿಗ್ಬಂಧನವನ್ನು ಸಡಿಲಿಸಬೇಕೆಂದು ಒತ್ತಾಯಿಸಲು 1942ರಲ್ಲಿ ಆಕ್ಸ್‌ಫರ್ಡ್ ನಗರದ ಕೆಲವು ನಾಗರಿಕರು ಸಮಿತಿಯೊಂದನ್ನು ರಚಿಸಿದರು. ಮುಂದೆ 1951ರಲ್ಲಿ ಬಿಹಾರ ಬರಪೀಡಿತವಾದಾಗ ನೆರವು ನೀಡಿದ ಆಕ್ಸ್‌ಫಾಮ್ ಸಂಸ್ಥೆಯ ಮೂಲ ಅದೇ. ಗ್ರೀಸಿನಲ್ಲಿ ಜನ ಸತ್ತ ಮರುವರ್ಷವೇ, 1943ರಲ್ಲಿ, ಬ್ರಿಟಿಷರ ಆಳ್ವಿಕೆಯಲ್ಲಿದ್ದ ಬಂಗಾಳದಲ್ಲಿ ಸುಮಾರು 30 ಲಕ್ಷ ಜನ ಬರಗಾಲಕ್ಕೆ ಬಲಿಯಾದರು. 1944ರ ಕೊನೆಯಲ್ಲಿ ಜರ್ಮನರು ಹಿಂತೆಗೆದ ಮೇಲೆ ಗ್ರೀಸಿಗೆ ಬಂದ ಬ್ರಿಟಿಷ್ ಪಡೆಗಳಲ್ಲಿ ಭಾರತೀಯ 4ನೆಯ ಡಿವಿಷನ್ನಿನ ಸೈನಿಕರೂ ಇದ್ದರು. ಸ್ವಂತ ದೇಶದಲ್ಲಿ ಸ್ವಂತ ಬಾವುಟ ಹಾರಿಸುವ ಹಕ್ಕಿಲ್ಲದ ಆ ಯೋಧರು ಇನ್ನೊಂದು ದೇಶದ ಬಾವುಟ ಮತ್ತೆ ಏರಿದ ನೆಲದಲ್ಲಿ ಕಾವಲಿದ್ದರು.

ಬಿಡುಗಡೆಯ ನಂತರ

ದೇಶ ಬಿಡುಗಡೆಯಾಯಿತು. ಬಾವುಟ ಇಳಿಸಿದವರ ಬಿಡುಗಡೆ ಅಷ್ಟು ಬೇಗ ಆಗಲಿಲ್ಲ. ಗ್ರೀಸ್ ಅಂತರ್ಯುದ್ಧಕ್ಕೆ ಬಿತ್ತು. ಎಡಪಂಥೀಯರಾಗಿದ್ದ ಗ್ಲೆಝೋಸ್ ಅವರಿಗೆ 1948ರಲ್ಲಿ ಸ್ವಂತ ದೇಶದ ನ್ಯಾಯಾಲಯವೇ ಮರಣದಂಡನೆ ವಿಧಿಸಿತು. ದೇಶವಿದೇಶಗಳಿಂದ ಪ್ರತಿಭಟನೆ ಬಂದ ಮೇಲೆ ಅದು ಜೀವಾವಧಿಯಾಯಿತು. 1951ರಲ್ಲಿ ಜೈಲಿನಲ್ಲಿದ್ದುಕೊಂಡೇ ಅವರು ಸಂಸತ್ತಿಗೆ ಆಯ್ಕೆಯಾದರು. 1959ರಲ್ಲಿ ಗೂಢಚರ್ಯೆಯ ಆರೋಪದ ಮೇಲೆ ಮತ್ತೆ ಶಿಕ್ಷೆ. 1967ರಲ್ಲಿ ಸೇನಾಧಿಕಾರಿಗಳು ಅಧಿಕಾರ ಕಸಿದುಕೊಂಡಾಗ ಮತ್ತೆ ಬಂಧನ, 1971ರವರೆಗೆ. ಸಾಂತಾಸ್ ಅವರನ್ನೂ ದ್ವೀಪಗಳಿಗೆ ಗಡೀಪಾರು ಮಾಡಲಾಯಿತು. ಅವರು ತಪ್ಪಿಸಿಕೊಂಡು ಇಟಲಿಗೂ, ಅಲ್ಲಿಂದ ಕೆನಡಾಕ್ಕೂ ಹೋಗಿ, 1962ರ ನಂತರವೇ ತಾಯ್ನಾಡಿಗೆ ಮರಳಲು ಸಾಧ್ಯವಾಯಿತು.

ಈ ನಡುವೆ ಮಹಾಶಕ್ತಿಗಳು ಗ್ಲೆಝೋಸ್ ಅವರನ್ನೇ ಒಂದು ಬಾವುಟ ಮಾಡಿಕೊಂಡವು. 1959ರಲ್ಲಿ ಸೋವಿಯತ್ ಒಕ್ಕೂಟ ಅವರ ಚಿತ್ರವಿರುವ ಅಂಚೆಚೀಟಿಯನ್ನು ಹೊರತಂದಿತು. ಅದಕ್ಕೆ ಉತ್ತರವಾಗಿ ಗ್ರೀಸ್ ಸರ್ಕಾರ, ಸೋವಿಯತ್ ಪ್ರಾಬಲ್ಯವನ್ನು ಎದುರಿಸಿ ಮರಣದಂಡನೆಗೆ ಗುರಿಯಾದ ಹಂಗೆರಿಯ ನಾಯಕ ಇಮ್ರೆ ನಾಗಿ ಅವರ ಅಂಚೆಚೀಟಿಯನ್ನು ಮುದ್ರಿಸಿತು. ತನ್ನ ದೇಶದ ವೀರನನ್ನು ಜೈಲಿನಲ್ಲಿಟ್ಟು ಪರದೇಶದ ವೀರನಿಗೆ ಗೌರವ ಸಲ್ಲಿಸುವುದು ರಾಜತಂತ್ರದಲ್ಲಿ ಹೊಸದೇನಲ್ಲ. ಕೊನೆಗೆ 1982ರಲ್ಲಿ, ಆಂದ್ರೆಯಾಸ್ ಪಾಪಾಂದ್ರೆಯು ಅವರ ಸರ್ಕಾರ ಬಂದ ಮೇಲೆ, ಎಡಪಂಥೀಯರೂ ಸೇರಿದಂತೆ ಎಲ್ಲ ಪ್ರತಿರೋಧ ಹೋರಾಟಗಾರರಿಗೆ ಕಾನೂನಿನ ಮನ್ನಣೆ ದೊರೆಯಿತು. ಅಥೆನ್ಸ್ ಬಿಡುಗಡೆಯಾಗಿ ಆಗ 38 ವರ್ಷ ಕಳೆದಿತ್ತು.

ನಿವೃತ್ತಿಯ ನಂತರ ಒಮ್ಮೆ ಅಕ್ರೊಪೊಲಿಸ್ ನೋಡುವ ಅವಕಾಶ ನನಗೆ ಸಿಕ್ಕಿತ್ತು. ಪ್ರವಾಸಿಗರೆಲ್ಲ ಪಾರ್ಥೆನಾನ್ ಕಡೆಗೆ ಮುಖಮಾಡಿ ಚಿತ್ರ ತೆಗೆಸಿಕೊಳ್ಳುತ್ತಿದ್ದರು. ಬೆಟ್ಟದ ಪೂರ್ವ ಅಂಚಿನಲ್ಲಿ, ಗ್ರೀಕ್ ಬಾವುಟದ ಕಂಬದ ಬಳಿ, ಈ ಇಬ್ಬರ ಹೆಸರಿರುವ ಫಲಕವಿದೆ. ಅಲ್ಲಿಂದ ಬಗ್ಗಿ ನೋಡಿದರೆ ಬಂಡೆ ನೇರವಾಗಿ ಕೆಳಗಿಳಿಯುತ್ತದೆ. ಹಗಲಿನಲ್ಲಿ ಮೆಟ್ಟಿಲು ಹತ್ತಿ ಬಂದಿದ್ದ ನನಗೇ ಏದುಸಿರು. ರಾತ್ರಿಯಲ್ಲಿ, ಪಹರೆಯ ನಡುವೆ, ಬಂಡೆಯ ಬಿರುಕಿನಲ್ಲಿ ತೆವಳಿ ಬಂದ ಹುಡುಗರನ್ನು ಊಹಿಸಿಕೊಂಡಾಗ, ನಮ್ಮ ಮನೆಗಳಲ್ಲಿ ಆ ವಯಸ್ಸಿನ ಮಕ್ಕಳನ್ನು ಪರೀಕ್ಷೆಗೆ ಕಳುಹಿಸುವಾಗಲೂ ನಾವು ಎಷ್ಟು ಕಳವಳಪಡುತ್ತೇವೆ ಎಂಬುದು ನೆನಪಾಯಿತು.

ಯಾರ ಬಾವುಟ, ಯಾರಿಗೆ?

ಯುದ್ಧಕಾಲದ ಬಾವುಟಗಳಿಗೆ ಈಗ ಮಾರುಕಟ್ಟೆಯೂ ಇದೆ. ನಾಜಿ ವಸ್ತುಗಳನ್ನು ಅಂತರ್ಜಾಲದಲ್ಲಿ ಹರಾಜು ಹಾಕುತ್ತಿದ್ದುದರ ವಿರುದ್ಧ ಫ್ರಾನ್ಸಿನ ಜನಾಂಗದ್ವೇಷ ವಿರೋಧಿ ಸಂಘಟನೆಗಳು ಯಾಹೂ ಕಂಪನಿಯ ಮೇಲೆ ಮೊಕದ್ದಮೆ ಹೂಡಿದವು. ಅಂಥ ಪುಟಗಳು ಫ್ರಾನ್ಸಿನ ಬಳಕೆದಾರರಿಗೆ ಸಿಗದಂತೆ ಮಾಡಬೇಕೆಂದು 2000ದ ನವೆಂಬರಿನಲ್ಲಿ ಪ್ಯಾರಿಸ್ಸಿನ ನ್ಯಾಯಾಲಯ ಆದೇಶಿಸಿತು. 2001ರ ಆರಂಭದಲ್ಲಿ ಕಂಪನಿ ಆ ಹರಾಜುಗಳನ್ನೇ ನಿಲ್ಲಿಸಿತು. ಆದರೂ ಬೇಡಿಕೆ ಇರುವಲ್ಲಿ ಪೂರೈಕೆ ದಾರಿ ಹುಡುಕಿಕೊಳ್ಳುತ್ತದೆ. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಮಾರುಕಟ್ಟೆ ಬೆಲೆ ಕಟ್ಟುವುದು ಬಟ್ಟೆಯ ಮೇಲಿನ ಚಿಹ್ನೆಗೆ. ಅದನ್ನು ಇಳಿಸಿದವನ ಧೈರ್ಯಕ್ಕೆ ಅಲ್ಲಿ ಬೆಲೆಯಿಲ್ಲ. ಮನೆತನದ ನೆನಪಿನಿಂದ ಬೇರ್ಪಟ್ಟು ಹರಾಜಿಗೆ ಬಂದ ಬಾವುಟ ಮತ್ತೆ ಆಕ್ರಮಣಕಾರನದೇ ಆಗಿಬಿಡುತ್ತದೆ.

ಇದಕ್ಕೆ ಪೂರ್ತಿ ಭಿನ್ನವಾದ ಉದಾಹರಣೆ ಜಪಾನಿನದು. ಯುದ್ಧಕ್ಕೆ ಹೊರಟ ಜಪಾನೀ ಸೈನಿಕನಿಗೆ ಬಂಧುಗಳು, ನೆರೆಹೊರೆಯವರು ತಮ್ಮ ಹೆಸರು ಮತ್ತು ಹಾರೈಕೆಗಳನ್ನು ಬರೆದ ರಾಷ್ಟ್ರಧ್ವಜವೊಂದನ್ನು ಕೊಡುತ್ತಿದ್ದರು. ಸತ್ತವರ ಮೈಮೇಲಿದ್ದ ಆ ಧ್ವಜಗಳನ್ನು ಅಮೆರಿಕನ್ ಸೈನಿಕರು ಸ್ಮರಣಿಕೆಗಳಾಗಿ ಒಯ್ದರು. ಈಗ ಅವರ ಮಕ್ಕಳು, ಮೊಮ್ಮಕ್ಕಳು ಅವುಗಳನ್ನು ಹಿಂತಿರುಗಿಸುತ್ತಿದ್ದಾರೆ. ಅಮೆರಿಕದ ಒರೆಗಾನ್ ರಾಜ್ಯದ ಓಬಾನ್ ಸೊಸೈಟಿ ಎಂಬ ಸಂಸ್ಥೆ ಇದನ್ನೇ ಕಾಯಕ ಮಾಡಿಕೊಂಡಿದೆ. ಶವವೂ ಸಿಗದ ಮಗನ ಬದಲಿಗೆ, ಊರವರ ಕೈಬರಹವಿರುವ ಬಟ್ಟೆ ದಶಕಗಳ ನಂತರ ಮನೆಗೆ ಬರುತ್ತದೆ. ಆ ಧ್ವಜ ಒಂದು ಕುಟುಂಬದ ಆಸ್ತಿ, ಅದಕ್ಕೆ ಮರಳಲು ಮನೆಯಿದೆ. ಅಕ್ರೊಪೊಲಿಸ್ ಮೇಲಿದ್ದ ಬಾವುಟಕ್ಕೆ ಅಂಥ ಮನೆಯಿಲ್ಲ. ಅದನ್ನು ತಮ್ಮದೆಂದು ಕೇಳಿ ಪಡೆಯಲು ಇಂದಿನ ಜರ್ಮನರೇ ಒಪ್ಪುವುದಿಲ್ಲ. ಅವರ ದಂಡಸಂಹಿತೆಯಲ್ಲಿ ಅದರ ಬಹಿರಂಗ ಪ್ರದರ್ಶನ ಅಪರಾಧ.

ಹಾಗಾದರೆ ಆಕ್ರಮಣಕಾರ ಹಿಂತಿರುಗಿಸಬೇಕಾದದ್ದು ಏನೂ ಇಲ್ಲವೆ? ಇದೆ ಎಂದು ಗ್ಲೆಝೋಸ್ ಕೊನೆಯವರೆಗೂ ವಾದಿಸಿದರು. ಬಲವಂತದ ಸಾಲದಲ್ಲಿ 47.6 ಕೋಟಿ ರೈಖ್‌ಮಾರ್ಕ್ ಬಾಕಿಯಿದೆ ಎಂದು ಯುದ್ಧದ ಕೊನೆಯಲ್ಲಿ ಜರ್ಮನರೇ ಲೆಕ್ಕ ಹಾಕಿದ್ದರು. ನಾಜಿ ದೌರ್ಜನ್ಯಕ್ಕೆ ಗುರಿಯಾದವರಿಗಾಗಿ 1960ರ ಒಪ್ಪಂದದಂತೆ 11.5 ಕೋಟಿ ಮಾರ್ಕ್ ಕೊಟ್ಟಿದ್ದೇವೆ, 1990ರ ಒಪ್ಪಂದದೊಂದಿಗೆ ಯುದ್ಧಪರಿಹಾರದ ಅಧ್ಯಾಯ ಮುಗಿದಿದೆ ಎಂಬುದು ಜರ್ಮನಿಯ ನಿಲುವು. 2019ರಲ್ಲಿ ಗ್ರೀಕ್ ಸಂಸತ್ತು ಪರಿಹಾರ ಕೇಳಲು ನಿರ್ಣಯ ಅಂಗೀಕರಿಸಿದಾಗಲೂ ಆ ನಿಲುವು ಬದಲಾಗಲಿಲ್ಲ. ಸುಲಿಗೆ ಬೇರೆ, ಸಾಲ ಬೇರೆ. ಲೆಕ್ಕಪುಸ್ತಕದಲ್ಲಿ ಬಾಕಿಯೆಂದು ತಾವೇ ಬರೆದುಕೊಂಡದ್ದನ್ನು ರಾಜಕೀಯ ಒಪ್ಪಂದವೊಂದು ಸಲೀಸಾಗಿ ಅಳಿಸಿಹಾಕಲಾರದು ಎಂಬುದು ನನ್ನ ಅಭಿಪ್ರಾಯ.

ಆದರೆ ಗ್ಲೆಝೋಸ್ ಬಾಕಿಯನ್ನು ಕೇಳಿದ್ದು ದ್ವೇಷದಿಂದಲ್ಲ. 1944ರ ಜೂನ್ 10ರಂದು ದಿಸ್ತೊಮೊ ಎಂಬ ಹಳ್ಳಿಯಲ್ಲಿ ನಾಜಿ ಪಡೆಗಳು ಹೆಂಗಸರು ಮಕ್ಕಳೆನ್ನದೆ 218 ಜನರನ್ನು ಕೊಂದಿದ್ದವು. 2017ರ ಜೂನ್ ತಿಂಗಳಲ್ಲಿ ಅಲ್ಲಿ ನಡೆದ ಸ್ಮರಣೆಯ ದಿನ ಜರ್ಮನ್ ರಾಯಭಾರಿ ಪುಷ್ಪಗುಚ್ಛವಿರಿಸಲು ಬಂದಾಗ ಗ್ರೀಕ್ ಸಂಸತ್ತಿನ ಮಾಜಿ ಸಭಾಧ್ಯಕ್ಷೆಯೊಬ್ಬರು ಅವರನ್ನು ತಡೆದರು. ಆಗ 94 ವರ್ಷದ ಗ್ಲೆಝೋಸ್ ಮುಂದೆ ಬಂದು, ರಾಯಭಾರಿಯ ಕೈಹಿಡಿದು ಸ್ಮಾರಕದವರೆಗೆ ನಡೆಸಿಕೊಂಡು ಹೋದರು. ಅಪರಾಧಿಯ ಮಗು ಅಪರಾಧಿಯಲ್ಲ ಎಂಬುದು ಅವರ ಮಾತಿನ ಸಾರವಾಗಿತ್ತು. 2020ರ ಮಾರ್ಚ್ 30ರಂದು, 97ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಸಾಂತಾಸ್ 2011ರಲ್ಲೇ ನಿಧನರಾಗಿದ್ದರು.

ಶತ್ರುವಿನ ಬಾವುಟವನ್ನು ಇಳಿಸುವುದಕ್ಕೆ ಒಂದು ರಾತ್ರಿಯ ಧೈರ್ಯ ಸಾಕಾಗಬಹುದು. ತಮ್ಮನನ್ನು ಕೊಂದ ದೇಶದ ಪ್ರತಿನಿಧಿಯ ಕೈಹಿಡಿದು ನಡೆಸುವುದಕ್ಕೆ, ಅದೇ ಸಮಯದಲ್ಲಿ ಆ ದೇಶದಿಂದ ಬರಬೇಕಾದ ಬಾಕಿಯನ್ನು ಬಿಡದೆ ಕೇಳುವುದಕ್ಕೆ, ಇಡೀ ಬದುಕಿನ ಪಕ್ವತೆ ಬೇಕು. ನೆನಪಿನ ಹೆಸರಿನಲ್ಲಿ ಹಗೆಯನ್ನೂ, ಸೌಹಾರ್ದದ ಹೆಸರಿನಲ್ಲಿ ಮರೆವನ್ನೂ ಬೋಧಿಸುವವರ ನಡುವೆ ಈ ನಡೆ ಅಪರೂಪದ್ದು.

ನಮ್ಮಲ್ಲಿಯೂ 1942ರ ತಲೆಮಾರು ಬಹುತೇಕ ಮರೆಯಾಗಿದೆ. ಅವರ ಮನೆಗಳಲ್ಲಿ ಒಂದು ಖಾದಿ ಬಟ್ಟೆ, ಒಂದು ಕರಪತ್ರ, ಜೈಲಿನಿಂದ ಬರೆದ ಒಂದು ಕಾಗದ ಇನ್ನೂ ಉಳಿದಿರಬಹುದು. ಮನೆ ಮಾರುವಾಗ, ಪಾಲಾಗುವಾಗ ಇಂಥವು ರದ್ದಿಗೆ ಹೋಗುವುದನ್ನು ನಾನು ಕಂಡಿದ್ದೇನೆ. ಪಿಂಚಣಿಯ ಕಡತಗಳು ಹಣ ಯಾರಿಗೆ ಸಲ್ಲಬೇಕೆಂಬ ಪ್ರಶ್ನೆಗೆ ಉತ್ತರಿಸಿವೆ. ನಡೆದದ್ದೇನು ಎಂಬುದನ್ನು ದಾಖಲಿಸುವುದು ಅವುಗಳ ಉದ್ದೇಶವಾಗಿರಲಿಲ್ಲ. ಮಂಜೂರಾದ ಅರ್ಜಿಗಳಷ್ಟೇ ಅಲ್ಲ, ತಿರಸ್ಕೃತವಾದ ಅರ್ಜಿಗಳನ್ನೂ ಪತ್ರಾಗಾರಕ್ಕೆ ಸೇರಿಸಿ ಸಂಶೋಧಕರಿಗೆ ತೆರೆದಿಡಬೇಕು. ಪೊಲೀಸರ ಕೈಗೆ ಸಿಗದವರ ಹೋರಾಟದ ವಿವರ ಎಲ್ಲಿಯಾದರೂ ಉಳಿದಿದ್ದರೆ ಆ ಎರಡನೆಯ ರಾಶಿಯಲ್ಲಿಯೇ. ಸುಳ್ಳನ್ನು ನಿಜದಿಂದ ಬೇರ್ಪಡಿಸುವ ಕೆಲಸವನ್ನು ಇತಿಹಾಸಕಾರರು ಮಾಡುತ್ತಾರೆ. ಮೊದಲು ಅವರ ಕೈಗೆ ಕಾಗದ ಸಿಗಬೇಕು. ಮನೆಯವರೂ ತಮ್ಮಲ್ಲಿರುವುದನ್ನು ಯಾವ ಬೆಲೆಗೂ ಮಾರದೆ, ಅದು ಯಾರದು, ಹೇಗೆ ಬಂತು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಅದರ ಜೊತೆಗಿಡಬೇಕು. ನಿಕೋಸ್ ಗ್ಲೆಝೋಸ್ ಟೋಪಿಯ ಒಳಗೆ ದಿನಾಂಕ ಬರೆಯಲು ಮರೆತಿರಲಿಲ್ಲ. ಅಷ್ಟು ಎಚ್ಚರವನ್ನು ನೆಮ್ಮದಿಯಾಗಿ ಕುಳಿತಿರುವ ನಾವು ತೋರಲಾರೆವೆ?